ಮಕ್ಕಳ ಮೈಕಟ್ಟಿಗೆ ಕುಂಟಾಬಿಲ್ಲೆ

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಚಟುವಟಿಕೆಯಿಂದಿರಬೇಕು, ವಾರದಲ್ಲಿ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಚಟುವಟಿಕೆಯೂ ಅದರಲ್ಲಿ ಸೇರಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕೆ ದುಬಾರಿ ತರಬೇತಿ ಬೇಕಿಲ್ಲ. ಅಂಗಳದಲ್ಲಿ ಸುಣ್ಣದ ಕಡ್ಡಿಯಿಂದ ಎಳೆದ ಎಂಟು ಮನೆಗಳೂ ಒಂದು ಹೆಂಚಿನ ಚೂರೂ ಸಾಕು.

ಕುಂಟಾಬಿಲ್ಲೆಯಲ್ಲಿ ಮಗು ಬಿಲ್ಲೆಯನ್ನು ಗುರಿಯಿಟ್ಟು ಎಸೆಯುತ್ತದೆ, ಗೆರೆ ತುಳಿಯದಂತೆ ಒಂಟಿಕಾಲಲ್ಲಿ ಕುಪ್ಪಳಿಸುತ್ತದೆ, ಹಿಂತಿರುಗುವಾಗ ಸಮತೋಲ ತಪ್ಪದೆ ಬಗ್ಗಿ ಬಿಲ್ಲೆಯನ್ನು ಎತ್ತಿಕೊಳ್ಳುತ್ತದೆ. ಈ ಬಗ್ಗುವ ಕ್ಷಣವೇ ನನ್ನ ದೃಷ್ಟಿಯಲ್ಲಿ ಆಟದ ಜೀವಾಳ, ಏಕೆಂದರೆ ಪಾದ, ಮೊಣಕಾಲು, ಸೊಂಟ ಮತ್ತು ಕಣ್ಣು ಒಟ್ಟಾಗಿ ಕೆಲಸ ಮಾಡಿದರೆ ಮಾತ್ರ ಮೈ ನೆಟ್ಟಗೆ ನಿಲ್ಲುತ್ತದೆ.

ನಾಲ್ಕೈದು ವರ್ಷದವರಿಗೆ ಮನೆಗಳನ್ನು ದೊಡ್ಡದಾಗಿ ಬರೆಯಿರಿ, ಮೊದಮೊದಲು ಎರಡೂ ಕಾಲಲ್ಲಿ ಜಿಗಿಯಲು ಬಿಡಿ. ಒಂದು ಸುತ್ತು ಬಲಗಾಲಾದರೆ ಮುಂದಿನ ಸುತ್ತು ಎಡಗಾಲು ಎಂಬ ನಿಯಮವನ್ನು ದಯವಿಟ್ಟು ಬಿಡಬೇಡಿ. ಇಲ್ಲವಾದರೆ ಮಕ್ಕಳು ಅನುಕೂಲವಾದ ಕಾಲನ್ನೇ ಬಳಸುತ್ತಾರೆ. ಒದ್ದೆ ನೆಲ ಮತ್ತು ನುಣುಪಾದ ಟೈಲ್ಸ್ ಮೇಲೆ ಆಡಿಸಬೇಡಿ. ಓಟವೂ ಬೇಕೆನಿಸಿದ ದಿನ ಲಗೋರಿ ಜೋಡಿಸಿ, ಸಾಧ್ಯವಾದರೆ ನೀವೂ ಒಂದು ತಂಡಕ್ಕೆ ಸೇರಿಕೊಳ್ಳಿ.