ಹಳದಿ ಬಳೆ ಕಪ್ಪಾದದ್ದು ಹೇಗೆ: ಸಿಮ್ಯುಲೇಟರ್ ಚಿತ್ರಗಳನ್ನು 1940ರ ಫೋಟೊ ಮಾಡಿದ ನನ್ನ ಅನುಭವ

ನನ್ನ ಮೊದಲ ಚಿತ್ರ ಒಂದು ಸ್ಪಿಟ್‌ಫೈರ್‌ನದ್ದು, ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ. ಕಂಪ್ಯೂಟರ್‌ನ ವಿಮಾನ ಸಿಮ್ಯುಲೇಟರ್‌ನಲ್ಲಿ ಇಂಗ್ಲಿಷ್ ಕಾಲುವೆಯ ಮೇಲೆ ಹಾರುತ್ತಿದ್ದಾಗ ಸ್ಕ್ರೀನ್‌ಶಾಟ್ ತೆಗೆದಿದ್ದೆ. ಬಣ್ಣ ತೆಗೆದು ಹಾಕಿದೆ, ಮೇಲೆ ಸೆಪಿಯಾ ಅನ್ನುವ ಕಂದು ಛಾಯೆ ಬಳಿದೆ, ಒಂದಷ್ಟು ಗೀರು ಹಾಕಿದೆ, ಅಂಚನ್ನು ಹರಿದ ಕಾಗದದ ಹಾಗೆ ಮಾಡಿದೆ. ಎರಡು ದಿನ ಅದನ್ನೇ ನೋಡುತ್ತಾ ಖುಷಿಪಟ್ಟೆ. ಮೂರನೇ ದಿನ ಅದರ ಪಕ್ಕದಲ್ಲಿ 1940ರ ನಿಜವಾದ ಒಂದು ಫೋಟೊ ತೆರೆದಿಟ್ಟೆ. ಖುಷಿ ಅಲ್ಲಿಗೇ ಇಳಿಯಿತು.

ನಿಜವಾದ ಫೋಟೊದಲ್ಲಿ ಸೆಪಿಯಾ ಇರಲೇ ಇಲ್ಲ. ಗೀರೂ ಇರಲಿಲ್ಲ. ಯುದ್ಧಕಾಲದ ಪ್ರಿಂಟ್‌ಗಳು ಹೆಚ್ಚಾಗಿ ತಣ್ಣನೆಯ ಬೂದು ಬಣ್ಣದವು, ಜಾಸ್ತಿ ಅಂದರೆ ಒಂಚೂರು ಬೆಚ್ಚಗಿನ ಛಾಯೆ ಇರುತ್ತದೆ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಒಂದು ವಿಷಯ. ವಿಮಾನದ ಮೈಮೇಲಿನ ವೃತ್ತದ ಗುರುತು.

ಬ್ರಿಟಿಷ್ ವಾಯುಪಡೆಯ ಆ ಗುರುತು ನಿಮಗೆ ಗೊತ್ತಿರಬಹುದು. ನಡುವೆ ಕೆಂಪು, ಸುತ್ತ ಬಿಳಿ, ಅದರಾಚೆ ನೀಲಿ. 1940ರ ಮೇ ತಿಂಗಳಿಂದ ಅದರ ಹೊರಗೆ ದಪ್ಪನೆಯ ಹಳದಿ ಬಳೆಯೊಂದು ಸೇರಿಕೊಂಡಿತು. ದೂರದಿಂದಲೂ ಎದ್ದು ಕಾಣಲಿ ಅಂತಲೇ ಹಾಕಿದ ಬಳೆ ಅದು. ನನ್ನ ಚಿತ್ರದಲ್ಲಿ ಅದು ತಿಳಿ ಬೂದು ಬಣ್ಣದಲ್ಲಿ ಹೊಳೆಯುತ್ತಿತ್ತು. ನಿಜವಾದ ಫೋಟೊದಲ್ಲಿ ಹೆಚ್ಚುಕಡಿಮೆ ಕಪ್ಪು! ನೀಲಿ ಬಳೆಯೇ ಅದಕ್ಕಿಂತ ತಿಳಿಯಾಗಿತ್ತು. ನಡುವಿನ ಕೆಂಪು ಚುಕ್ಕೆ ಮಸಿಯ ಹಾಗೆ ಕಾಣುತ್ತಿತ್ತು.

ಇದರ ಕಾರಣ ಫಿಲ್ಮ್‌ನಲ್ಲಿದೆ. ಆಗ ಮುಖ್ಯವಾಗಿ ಎರಡು ಬಗೆಯ ಕಪ್ಪು-ಬಿಳುಪು ಫಿಲ್ಮ್ ಬಳಕೆಯಲ್ಲಿದ್ದವು. ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಎಲ್ಲ ಬಣ್ಣಗಳ ಬೆಳಕನ್ನೂ ಹಿಡಿಯುತ್ತದೆ. ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ಗೆ ನೀಲಿ, ಹಸಿರು ಕಾಣುತ್ತದೆ, ಕೆಂಪು ಕಾಣುವುದೇ ಇಲ್ಲ. ಹಳದಿ ಬಣ್ಣ ನಮ್ಮ ಕಣ್ಣಿಗೆ ಬೆಳಗುವುದು ಅದರಲ್ಲಿರುವ ಕೆಂಪು ಮತ್ತು ಹಸಿರು ಬೆಳಕಿನಿಂದ. ಕೆಂಪು ಲೆಕ್ಕಕ್ಕೇ ಬರದಿದ್ದರೆ ಹಳದಿ ಮಂಕಾಗುತ್ತದೆ. ಇದು ತಿಳಿದ ದಿನ ನನ್ನ ಕೆಲಸದ ದಾರಿಯೇ ಬದಲಾಯಿತು. ಅಲ್ಲಿವರೆಗೆ 'ಇದನ್ನು ಹಳೆಯದಾಗಿ ಕಾಣಿಸುವುದು ಹೇಗೆ' ಅಂತ ಕೇಳಿಕೊಳ್ಳುತ್ತಿದ್ದೆ. ಆಮೇಲೆ ಕೇಳಿಕೊಂಡದ್ದು: ಈ ಫೋಟೊ ತೆಗೆದವನು ಎಲ್ಲಿ ನಿಂತಿದ್ದ? ಅವನ ಕೈಯಲ್ಲಿ ಯಾವ ಕ್ಯಾಮೆರಾ ಇತ್ತು? ಅದರೊಳಗೆ ಯಾವ ಫಿಲ್ಮ್ ಇತ್ತು?

ಹಾಗಾಗಿ ಈಗ ಬಣ್ಣ ತೆಗೆಯುವ ಆ ಒಂದು ಬಟನ್ ನಾನು ಮುಟ್ಟುವುದಿಲ್ಲ. ಚಿತ್ರ ತಿದ್ದುವ ತಂತ್ರಾಂಶವಾದ ಜಿಂಪ್‌ನಲ್ಲಿ ಮೊನೊ ಮಿಕ್ಸರ್ ತೆರೆಯುತ್ತೇನೆ, ಫೋಟೊಶಾಪ್‌ನಲ್ಲಾದರೆ ಚಾನೆಲ್ ಮಿಕ್ಸರ್ ತೆರೆದು ಏಕವರ್ಣದ ಆಯ್ಕೆ ಹಾಕುತ್ತೇನೆ. ಕೆಂಪು, ಹಸಿರು, ನೀಲಿ ಚಾನೆಲ್‌ಗಳ ಪಾಲನ್ನು ಅಲ್ಲಿ ಬೇರೆಬೇರೆಯಾಗಿ ಹೊಂದಿಸಬಹುದು, ಕೆಂಪನ್ನು 0ಗೆ ಇಳಿಸುತ್ತೇನೆ. ಹಸಿರು 40, ನೀಲಿ 60ರ ಸುತ್ತಮುತ್ತ. ಮೊದಲ ಸಲ ಹೀಗೆ ಮಾಡಿದಾಗ ಆ ಹಳದಿ ಬಳೆ ಕಣ್ಣೆದುರೇ ಕಪ್ಪಾಗುತ್ತಾ ಹೋಯಿತು. ರೆಕ್ಕೆಯ ಮೇಲಿನ ಕಂದು ಮತ್ತು ಹಸಿರು ಪಟ್ಟೆಗಳು ಒಂದರೊಳಗೊಂದು ಕರಗಿದವು. ಆಕಾಶ ಬೆಳ್ಳಗಾಯಿತು. ಒಂದೂ ಗೀರಿಲ್ಲ, ಕಲೆಯಿಲ್ಲ, ಆದರೂ ಅದು 1940ರ ಫೋಟೊ ಅಂತ ಕಣ್ಣು ಒಪ್ಪಿತು. ಆ ಕ್ಷಣ ನನಗೆ ಇವತ್ತಿಗೂ ನೆನಪಿದೆ.

ಪ್ಯಾಂಕ್ರೊಮ್ಯಾಟಿಕ್ ಬೇಕಿದ್ದರೆ ಕೆಂಪು 30, ಹಸಿರು 50, ನೀಲಿ 20ರಿಂದ ಶುರು ಮಾಡುತ್ತೇನೆ. ಇಲ್ಲಿ ಒಂದು ಮಾತು ನೆನಪಿಡಬೇಕು. ಮೋಡಗಳು ಎದ್ದು ಕಾಣುವ ಕಡು ಆಕಾಶ ಬೇಕು ಅಂದರೆ ಫಿಲ್ಮ್ ಪ್ಯಾಂಕ್ರೊಮ್ಯಾಟಿಕ್ ಆಗಿರಬೇಕು, ಲೆನ್ಸ್ ಮುಂದೆ ಗಾಢ ಹಳದಿಯೋ ಕೆಂಪೋ ಫಿಲ್ಟರ್ ಇರಬೇಕು. ಹಾಗಾದಾಗ ಹಳದಿ ಬಳೆ ತಿಳಿಯಾಗಿಯೇ ಬರುತ್ತದೆ. ಕಡುಕಪ್ಪು ಆಕಾಶವೂ ಬೇಕು, ಕಪ್ಪು ಬಳೆಯೂ ಬೇಕು ಅಂದರೆ ಆಗುವುದಿಲ್ಲ. ಅಂಥ ಫಿಲ್ಮೇ ಇರಲಿಲ್ಲ. ಎಷ್ಟೋ ಒಳ್ಳೆಯ ಚಿತ್ರಗಳು ಇಲ್ಲೇ ಎಡವುತ್ತವೆ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅಂತ ಮಾತ್ರ ಅನಿಸಿಬಿಡುತ್ತದೆ.

ಸ್ಕ್ರೀನ್‌ಶಾಟ್ ತೆಗೆಯುವುದಕ್ಕೂ ಈಗ ಜಾಸ್ತಿ ಹೊತ್ತು ಕೊಡುತ್ತೇನೆ. ಸಿಮ್ಯುಲೇಟರ್‌ನ ಕ್ಯಾಮೆರಾ ದೇವರ ಕಣ್ಣಿದ್ದ ಹಾಗೆ, ಎಲ್ಲಿ ಬೇಕಾದರೂ ತೇಲುತ್ತದೆ. ಪ್ರೊಪೆಲ್ಲರ್‌ಗೆ ಒಂದು ಅಡಿ ಮುಂದೆ, ಉರಿಯುತ್ತಿರುವ ಬಾಂಬರ್‌ನ ಕೆಳಗೆ, ಎಲ್ಲಿ ಬೇಕೋ ಅಲ್ಲಿ. ಆದರೆ ಅಲ್ಲಿ ಯಾವ ಛಾಯಾಗ್ರಾಹಕ ನಿಲ್ಲುತ್ತಿದ್ದ ಹೇಳಿ? ಆಗ ಹಾರುವ ವಿಮಾನದ ಫೋಟೊ ಬೇಕಿದ್ದರೆ ಇನ್ನೊಂದು ವಿಮಾನದಲ್ಲಿ ಕೂತು, ತೆರೆದ ಬಾಗಿಲಿನಿಂದಲೋ ಗನ್ನರ್‌ನ ಜಾಗದಿಂದಲೋ ತೆಗೆಯಬೇಕಿತ್ತು. ಚಾರ್ಲ್ಸ್ ಬ್ರೌನ್‌ ಅಂಥ ಬ್ರಿಟಿಷ್ ಛಾಯಾಗ್ರಾಹಕರ ಚಿತ್ರಗಳನ್ನು ನೋಡಿ. ವಿಮಾನ ಪಕ್ಕದಲ್ಲೇ, ಹೆಚ್ಚುಕಡಿಮೆ ಅದೇ ಎತ್ತರದಲ್ಲಿ, ಶಾಂತವಾಗಿ ಹಾರುತ್ತಿರುತ್ತದೆ. ಅದಕ್ಕೇ ನಾನು ಸಿಮ್ಯುಲೇಟರ್‌ನಲ್ಲಿ ಮೊದಲು ಹಾರಾಟ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಜೊತೆಯಲ್ಲಿ ಒಂದು ಬಾಂಬರ್ ಹಾರಿಸುತ್ತೇನೆ. ಆ ರೆಕಾರ್ಡಿಂಗನ್ನು ಮತ್ತೆ ಓಡಿಸುವಾಗ ಕ್ಯಾಮೆರಾವನ್ನು ಆ ಬಾಂಬರ್‌ನ ಗನ್ನರ್ ಇರುವ ಜಾಗಕ್ಕೆ ತಂದು ಅಲ್ಲಿಂದ ಕದಲಿಸುವುದಿಲ್ಲ.

ನೋಟದ ಅಗಲವನ್ನೂ ಲೆಕ್ಕ ಹಾಕುತ್ತೇನೆ. ಆ ಕಾಲದ ಬ್ರಿಟಿಷ್ ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿ 9×12 ಸೆಂ.ಮೀ. ಗಾಜಿನ ಪ್ಲೇಟಿನ ಕ್ಯಾಮೆರಾಗಳಿದ್ದವು. ಅದಕ್ಕೆ 15 ಸೆಂ.ಮೀ. ಲೆನ್ಸ್ ಅಂದುಕೊಂಡರೆ ಅಡ್ಡಕ್ಕೆ ಕಾಣುವುದು ಸುಮಾರು 44 ಡಿಗ್ರಿ. ಸಿಮ್ಯುಲೇಟರ್ ಮಾಮೂಲಾಗಿ ತೋರಿಸುವುದು 70, 90 ಡಿಗ್ರಿ. ಅಷ್ಟು ಅಗಲದಲ್ಲಿ ತೆಗೆದರೆ ವಿಮಾನದ ಮೂತಿ ಉಬ್ಬುತ್ತದೆ, ಬಾಲ ಸಣ್ಣಗಾಗುತ್ತದೆ. ಅಲ್ಲಿಗೆ ಅದು ಆಟದ ಚಿತ್ರ ಅಂತ ಗೊತ್ತಾಗಿಬಿಡುತ್ತದೆ. ಚಿತ್ರವನ್ನು 4:3ಕ್ಕೆ ಕತ್ತರಿಸುತ್ತೇನೆ, ಅಗಲ ಪರದೆಯ ಆಕಾರದಲ್ಲಿ ಬಿಡುವುದಿಲ್ಲ. ಅಕ್ಷರಗಳು, ಲೆನ್ಸ್ ಮಿನುಗು, ಹೊಳಪಿನ ಎಫೆಕ್ಟ್ ಎಲ್ಲ ಮೊದಲೇ ಆಫ್. ಉಳಿಸುವುದು ಪಿಎನ್‌ಜಿಯಲ್ಲೇ. ಜೆಪೆಗ್‌ನಲ್ಲಿ ನೀಲಿ ಚಾನೆಲ್ ತುಂಬ ಹಾಳಾಗಿರುತ್ತದೆ, ನಮಗೆ ಬೇಕಾದದ್ದೇ ಆ ಚಾನೆಲ್.

ವಿಮಾನದ ಬಣ್ಣವೂ ಆ ತಿಂಗಳಿಗೆ ಹೊಂದಬೇಕು. ಸ್ಪಿಟ್‌ಫೈರ್ ಬಾಲದ ಹತ್ತಿರ ಸುತ್ತಿಕೊಂಡಿರುವ ತಿಳಿ ಬಣ್ಣದ ಪಟ್ಟಿ ಬಂದದ್ದು 1940ರ ನವೆಂಬರ್ ಕೊನೆಗೆ. ಬ್ರಿಟನ್ನಿನ ಆಕಾಶದಲ್ಲಿ ಜರ್ಮನ್ ವಾಯುಪಡೆಯ ಎದುರು ನಡೆದ ಬ್ಯಾಟಲ್ ಆಫ್ ಬ್ರಿಟನ್ ಅಷ್ಟರಲ್ಲಿ ಮುಗಿದಿತ್ತು. ಆಗಸ್ಟ್ ಅಂತ ಹೇಳಿ ಆ ಪಟ್ಟಿ ತೋರಿಸಿದರೆ ತಿಳಿದವರು ತಕ್ಷಣ ಹಿಡಿಯುತ್ತಾರೆ.

ಇನ್ನು ಪ್ರೊಪೆಲ್ಲರ್. ನನಗೆ ಅತಿ ಹೆಚ್ಚು ಹೊತ್ತು ಹಿಡಿಯುವುದು ಇದೇ. ಸಿಮ್ಯುಲೇಟರ್ ಅದನ್ನು ಒಂದು ತೆಳ್ಳನೆ ಪಾರದರ್ಶಕ ತಟ್ಟೆಯ ಹಾಗೆ ಬಿಡಿಸುತ್ತದೆ. ನಿಜವಾದ ಕ್ಯಾಮೆರಾ ಕಂಡದ್ದು ಹಾಗಲ್ಲ. ಸ್ಪಿಟ್‌ಫೈರ್‌ನ ಮರ್ಲಿನ್ ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುವಾಗ, ಗೇರಿನ ಅನುಪಾತ 0.477 ಇರುವುದರಿಂದ, ಪ್ರೊಪೆಲ್ಲರ್ ತಿರುಗುವುದು ಸುಮಾರು 1145 ಸುತ್ತು. ಸೆಕೆಂಡಿಗೆ 19. ಶಟರ್ 1/250 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಒಂದೊಂದು ಅಲಗೂ 27 ಡಿಗ್ರಿಯಷ್ಟು ತಿರುಗುತ್ತದೆ. 1/500 ಆದರೆ 14 ಡಿಗ್ರಿ. ಅಂದರೆ ಫೋಟೊದಲ್ಲಿ ಪೂರ್ತಿ ತಟ್ಟೆ ಕಾಣುವುದಿಲ್ಲ. ಬೀಸಣಿಗೆಯ ಹಾಗೆ ಮೂರು ಮಸುಕು ತುಂಡುಗಳು ಕಾಣುತ್ತವೆ, ನಡುವೆ ಖಾಲಿ ಜಾಗ.

ಇದನ್ನು ನಾನು ಮಾಡುವುದು ಹೀಗೆ. ಅದೇ ಕೋನದಲ್ಲಿ, ನೆಲದ ಮೇಲೆ ಎಂಜಿನ್ ನಿಲ್ಲಿಸಿದ ವಿಮಾನದ ಇನ್ನೊಂದು ಸ್ಕ್ರೀನ್‌ಶಾಟ್ ತೆಗೆಯುತ್ತೇನೆ. ಅದರಿಂದ ಮೂರು ಅಲಗುಗಳನ್ನು ಕತ್ತರಿಸಿ ಬೇರೆ ಲೇಯರ್‌ಗೆ ಹಾಕುತ್ತೇನೆ. ಓರೆಯಿಂದ ನೋಡುವುದರಿಂದ ಪ್ರೊಪೆಲ್ಲರ್ ತಿರುಗುವ ವೃತ್ತ ಮೊಟ್ಟೆಯಾಕಾರವಾಗಿರುತ್ತದೆ. ಹಾಗೇ ಬ್ಲರ್ ಮಾಡಿದರೆ ತಪ್ಪಾಗುತ್ತದೆ. ಅದಕ್ಕೇ ಮೊದಲು ಆ ಲೇಯರನ್ನು ಅಗಲಕ್ಕೆ ಎಳೆದು ಸರಿಯಾದ ವೃತ್ತ ಮಾಡುತ್ತೇನೆ. ಆಮೇಲೆ ಮೂತಿಯ ತುದಿಯನ್ನು ಕೇಂದ್ರವಾಗಿಟ್ಟು 27 ಡಿಗ್ರಿ ಸುತ್ತುವ ಬ್ಲರ್ ಕೊಡುತ್ತೇನೆ. ಕೊನೆಗೆ ಮತ್ತೆ ಮೊದಲಿನ ಅಗಲಕ್ಕೆ ಒತ್ತುತ್ತೇನೆ. ಸಿಮ್ಯುಲೇಟರ್‌ನ ತಟ್ಟೆಯನ್ನು ಹಿಂದಿನ ಆಕಾಶ ತುಂಬಿ ಅಳಿಸುತ್ತೇನೆ. ಅಲಗಿನ ತುದಿಗೆ ಬಳಿದ ಹಳದಿ ಬಣ್ಣ, ಆರ್ಥೊಕ್ರೊಮ್ಯಾಟಿಕ್ ಚಿತ್ರವಾದರೆ, ಕಾಣುವುದೇ ಇಲ್ಲ. ಒಂದು ಪ್ರೊಪೆಲ್ಲರ್‌ಗೆ ಒಂದು ಗಂಟೆ ಹೋಗುತ್ತದೆ. ಎರಡು ಎಂಜಿನ್ ಇರುವ ಬಾಂಬರ್ ಆದರೆ ಒಂದು ಸಂಜೆ ಪೂರ್ತಿ. ಆದರೂ ಇದನ್ನು ಬಿಡಬೇಡಿ. ವಿಮಾನ ನಿಜವಾಗಿ ಹಾರುತ್ತಿದೆ ಅನ್ನುವ ನಂಬಿಕೆ ಹುಟ್ಟುವುದು ಇಲ್ಲೇ.

ಬ್ಲರ್ ಅಂದ ಕೂಡಲೇ ಇನ್ನೊಂದು ತಪ್ಪು ನೆನಪಾಯಿತು, ನಾನೂ ಬಹಳ ದಿನ ಮಾಡಿದ್ದು. ಹಿಂದಿನ ಮೋಡ, ನೆಲ ಎಲ್ಲವನ್ನೂ ಮಸುಕು ಮಾಡಿ ವಿಮಾನವನ್ನಷ್ಟೇ ಚುರುಕಾಗಿಡುವುದು. ನೋಡಲು ಚಂದ, ಅಲ್ವಾ? ಆದರೆ ಐವತ್ತು ಮೀಟರ್ ದೂರದ ವಿಮಾನಕ್ಕೆ ಫೋಕಸ್ ಮಾಡಿದ ಲೆನ್ಸ್‌ಗೆ ಹಿಂದಿನ ಮೋಡವೂ ಹೆಚ್ಚುಕಡಿಮೆ ಫೋಕಸ್‌ನಲ್ಲೇ ಇರುತ್ತದೆ. ಹಿನ್ನೆಲೆ ಅಷ್ಟು ಮಸುಕಾಗುವುದು ಹತ್ತಿರದಿಂದ ತೆಗೆದ ಸಣ್ಣ ವಸ್ತುವಿನ ಫೋಟೊದಲ್ಲಿ. ಅದಕ್ಕೇ ನನ್ನ ವಿಮಾನಗಳು ಮೇಜಿನ ಮೇಲಿಟ್ಟ ಆಟಿಕೆಗಳ ಹಾಗೆ ಕಾಣುತ್ತಿದ್ದವು.

ದೂರವನ್ನು ತೋರಿಸಬೇಕಾದದ್ದು ಮಬ್ಬು. ಗಾಳಿಯಲ್ಲಿ ಚದುರುವ ಬೆಳಕಿನಲ್ಲಿ ನೀಲಿಯೇ ಜಾಸ್ತಿ, ಆ ಕಾಲದ ಫಿಲ್ಮ್‌ಗೂ ನೀಲಿಯೇ ಜಾಸ್ತಿ ಕಾಣುತ್ತಿತ್ತು. ಹಾಗಾಗಿ ದೂರದ ದಡ, ಗುಡ್ಡ ಎಲ್ಲ ಬೆಳ್ಳಗೆ ಕರಗಿ ಹೋಗುತ್ತಿದ್ದವು. ಸಿಮ್ಯುಲೇಟರ್‌ನಲ್ಲಿ ಮಬ್ಬು ಜಾಸ್ತಿ ಇರುವ ಹವಾಮಾನ ಆರಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದದ್ದನ್ನು ತಿಳಿ ಬೂದು ಬಣ್ಣದ ಒಂದು ಲೇಯರ್ ಹಾಕಿ, ಹತ್ತಿರದ ಭಾಗವನ್ನು ಮಾಸ್ಕ್‌ನಿಂದ ಅಳಿಸಿ ಸರಿಮಾಡುತ್ತೇನೆ.

ಆಗಿನ ಬಹುಪಾಲು ಲೆನ್ಸ್‌ಗಳಿಗೆ ಈಗಿನ ಹಾಗೆ ಲೇಪನ ಇರಲಿಲ್ಲ. ಗಾಜಿನ ಒಂದೊಂದು ಮೇಲ್ಮೈಯಲ್ಲೂ ಸುಮಾರು 4 ಶೇಕಡಾ ಬೆಳಕು ಹಿಂದಕ್ಕೆ ಚಿಮ್ಮುತ್ತಿತ್ತು. ಟೆಸ್ಸಾರ್ ಥರದ ಲೆನ್ಸ್‌ನಲ್ಲಿ ಗಾಳಿಗೆ ತೆರೆದ ಅಂಥ ಮೇಲ್ಮೈಗಳು ಆರು. ಆ ಬೆಳಕು ಒಳಗೇ ಅಲೆದಾಡಿ ಚಿತ್ರದ ಕಪ್ಪನ್ನು ತೆಳುಮಾಡುತ್ತಿತ್ತು. ಅದಕ್ಕೇ ಬೆಳಕು-ಕತ್ತಲು ಹೊಂದಿಸುವ ಕರ್ವ್ಸ್ ಸಾಧನದಲ್ಲಿ ಕಪ್ಪಿನ ತುದಿಯನ್ನು 0ಯಿಂದ 18ರ ಹತ್ತಿರಕ್ಕೆ ಏರಿಸುತ್ತೇನೆ, ಬಿಳಿಯ ತುದಿಯನ್ನು 255ರಿಂದ 240ಕ್ಕೆ ಇಳಿಸುತ್ತೇನೆ. ಕಾಕ್‌ಪಿಟ್ ಗಾಜಿನ ಮೇಲೆ ಬಿಸಿಲು ಮಿನುಗುವ ಕಡೆ, ಬೆಳಕು ಒಂಚೂರು ಸುತ್ತ ಹರಡಿದ ಹಾಗೆ ಮೆಲ್ಲಗೆ ಬ್ಲರ್ ಕೊಡುತ್ತೇನೆ.

ಗ್ರೇನ್, ಅಂದರೆ ಫಿಲ್ಮ್‌ನ ಸಣ್ಣ ಕಾಳುಗಳ ಹಾಗೆ ಕಾಣುವ ತರಿ, ಆ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕು. 9×12 ಸೆಂ.ಮೀ. ದೊಡ್ಡ ನೆಗೆಟಿವ್, ಅದರಿಂದ ಮಾಡಿದ ಪ್ರಿಂಟ್‌ನಲ್ಲಿ ಗ್ರೇನ್ ಕಣ್ಣಿಗೆ ಬೀಳುವುದೇ ಕಷ್ಟ. ಲೈಕಾ ಅನ್ನುವ ಸಣ್ಣ ಕ್ಯಾಮೆರಾದ 35 ಮಿ.ಮೀ. ಫಿಲ್ಮ್ ಆದರೆ ಕಾಣುತ್ತದೆ. ಗುಂಡು ಹಾರಿಸುವಾಗ ಚಿತ್ರ ತೆಗೆಯಲು ರೆಕ್ಕೆಯಲ್ಲಿ ಕೂರಿಸಿದ ಗನ್ ಕ್ಯಾಮೆರಾದ 16 ಮಿ.ಮೀ. ಫಿಲ್ಮ್ ಆದರೆ ಚಿತ್ರದ ತುಂಬ ಗ್ರೇನೇ. ಯಾವ ಕ್ಯಾಮೆರಾ ಅಂತ ಮೊದಲೇ ತೀರ್ಮಾನಿಸಿದ್ದರೆ ಎಷ್ಟು ಹಾಕಬೇಕು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ನಡುಬೂದು ಬಣ್ಣದ ಲೇಯರ್‌ಗೆ ನಾಯ್ಸ್ ಹಾಕಿ, ಅರ್ಧದಿಂದ ಒಂದು ಪಿಕ್ಸೆಲ್ ಬ್ಲರ್ ಮಾಡಿ, ಲೇಯರ್ ಬೆರೆಸುವ ಸಾಫ್ಟ್ ಲೈಟ್ ಆಯ್ಕೆಯಲ್ಲಿ ಇಡುತ್ತೇನೆ. ಬ್ಲರ್ ಮಾಡದಿದ್ದರೆ ಅದು ಗ್ರೇನ್ ಆಗುವುದಿಲ್ಲ, ಸುಮ್ನೆ ಚುಕ್ಕೆ ಚೆಲ್ಲಿದ ಹಾಗಾಗುತ್ತದೆ. ಧೂಳು, ಗೀರು ಒಂದೆರಡು ಸಾಕು, ಇಲ್ಲದಿದ್ದರೂ ನಡೆಯುತ್ತದೆ.

ವಿಮಾನ ಯಾವ ತುಕಡಿಯದ್ದು ಅಂತ ಹೇಳುವ ಸ್ಕ್ವಾಡ್ರನ್ ಅಕ್ಷರಗಳನ್ನು ಮಾತ್ರ ಹಲವು ಚಿತ್ರಗಳಲ್ಲಿ ಬಳಿದು ಅಳಿಸುತ್ತೇನೆ. ಯುದ್ಧಕಾಲದ ಸೆನ್ಸಾರ್‌ಗಳೂ ಪ್ರಕಟವಾಗುವ ಫೋಟೊಗಳಲ್ಲಿ ಅವನ್ನು ಹೀಗೇ ಅಳಿಸುತ್ತಿದ್ದರು. ನನಗೆ ಇನ್ನೊಂದು ಕಾರಣವೂ ಇದೆ. ಆ ಅಕ್ಷರಗಳ ಹಿಂದೆ ನಿಜವಾದ ಪೈಲಟ್‌ಗಳಿದ್ದರು, ಅವರಲ್ಲಿ ಎಷ್ಟೋ ಜನ ಹಿಂದಿರುಗಲಿಲ್ಲ. ನಾನು ಕಟ್ಟಿದ ಚಿತ್ರ ಅವರಲ್ಲಿ ಒಬ್ಬರ ಕೊನೆಯ ಫೋಟೊ ಅಂತ ಓಡಾಡುವುದು ನನಗೆ ಬೇಡ.

ಇದು ಸುಮ್ನೆ ಹೆದರಿಕೆಯಲ್ಲ, ಹತ್ತಿರಹತ್ತಿರ ಆಗಿಯೇ ಹೋಗಿತ್ತು. ಸ್ನೇಹಿತನಿಗೆ ಕಳಿಸಿದ ಒಂದು ಚಿತ್ರ ಕೈಯಿಂದ ಕೈಗೆ ದಾಟಿ, ಕೆಲವು ವಾರಗಳ ನಂತರ 'ಅಪರೂಪದ 1940ರ ಫೋಟೊ' ಅನ್ನುವ ಸಾಲಿನ ಜೊತೆ ನನಗೇ ವಾಪಸ್ ಬಂತು. ಕೆಳಗೆ ಯಾರೋ ಆ ಪೈಲಟ್‌ಗೆ ನಮನ ಸಲ್ಲಿಸಿದ್ದರು. ಆ ವಿಮಾನದಲ್ಲಿ ಯಾರೂ ಇರಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮೊದಲ ಮಹಾಯುದ್ಧದ ವಾಯುಕಾಳಗದ್ದು ಅಂತ 1930ರ ದಶಕದಲ್ಲಿ ಹೆಸರಾದ ಕಾಕ್‌ಬರ್ನ್-ಲ್ಯಾಂಗ್ ಸಂಗ್ರಹದ ಫೋಟೊಗಳು ನಿಮಗೆ ಗೊತ್ತಿರಬಹುದು. ಅವು ವೆಸ್ಲಿ ಆರ್ಚರ್ ಅನ್ನುವವನು ಮಾದರಿ ವಿಮಾನಗಳನ್ನಿಟ್ಟು ತೆಗೆದ ಚಿತ್ರಗಳು ಅಂತ ಖಚಿತವಾಗುವಷ್ಟರಲ್ಲಿ 1980ರ ದಶಕ ಬಂದಿತ್ತು. ಸುಮಾರು ಐವತ್ತು ವರ್ಷ ಅವು ಇತಿಹಾಸದ ಒಳಗೆ ಕೂತಿದ್ದವು.

ಅಂದಿನಿಂದ ನನ್ನ ಪ್ರತಿ ಚಿತ್ರದ ಕೆಳಗೆ ಬಿಳಿ ಅಂಚು ಬಿಡುತ್ತೇನೆ. ಅದರಲ್ಲಿ 'ಸಿಮ್ಯುಲೇಟರ್ ಚಿತ್ರ' ಅಂತ, ಮಾಡಿದ ವರ್ಷದ ಜೊತೆ ಬರೆಯುತ್ತೇನೆ. ಅಂಚನ್ನು ಯಾರಾದರೂ ಕತ್ತರಿಸಬಹುದು ಅಂತ ಚಿತ್ರದ ಒಳಗೂ, ಬಾಲದ ಹತ್ತಿರ ವಿಮಾನದ ಸೀರಿಯಲ್ ಸಂಖ್ಯೆ ಇರುವ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ ಅದೇ ಎರಡು ಪದ ಇಡುತ್ತೇನೆ. ಹತ್ತಿರದಿಂದ ನೋಡಿದರೆ ಓದಬಹುದು. ಈಗ ಕೈಯಲ್ಲಿರುವುದು ಗನ್ ಕ್ಯಾಮೆರಾದ ಒಂದು ಸರಣಿ, ಆರು ಫ್ರೇಮ್‌ಗಳು. ಫ್ರೇಮ್ ಅಷ್ಟು ಚಿಕ್ಕದು, ಗ್ರೇನ್ ಅಷ್ಟು ದಪ್ಪ, ಆ ಎರಡು ಪದ ಎಲ್ಲಿಟ್ಟರೂ ಮುಳುಗಿಹೋಗುತ್ತಿವೆ. ಅದಕ್ಕೊಂದು ಜಾಗ ಸಿಗುವವರೆಗೂ ಆ ಆರು ಫ್ರೇಮ್ ನನ್ನ ಹತ್ತಿರವೇ ಇರುತ್ತವೆ.