ಅಪ್ಪ ಅಮ್ಮನ ಮೆಡಿಕೇರ್‌ಗೆ ಸರ್ಕಾರದ ನೆರವು: ನಾವು ಮಾಡಿಸಿದ ಬಗೆ

ಅಮೆರಿಕದಲ್ಲಿ ಅಪ್ಪ ಅಮ್ಮನನ್ನು ಜೊತೆಗಿಟ್ಟುಕೊಂಡಿರುವ ಕನ್ನಡದವರು ಸೇರಿದ ಕಡೆ ಒಂದು ಮಾತು ಬಂದೇ ಬರುತ್ತದೆ. "ನಮ್ಮಿಬ್ಬರಿಗೂ ಸಂಬಳ ಬರ್ತಿದೆ, ನಮ್ಮ ಅಪ್ಪ ಅಮ್ಮನಿಗೆ ಸರ್ಕಾರದ ನೆರವು ಎಲ್ಲಿ ಸಿಗುತ್ತೆ, ಸುಮ್ನೆ ಯಾಕೆ ಅರ್ಜಿ ಹಾಕೋದು" ಅಂತ. ಸಿಗಬಹುದು. ನಮ್ಮ ಮನೆಯಲ್ಲಿ ಸಿಕ್ಕಿದೆ. ನಾವಿರುವುದು ಟೆಕ್ಸಾಸ್‌ನ ಡಾಲಸ್ ಕಡೆ. ನಾನು, ನಮ್ಮವರು ಇಬ್ಬರೂ ಕೆಲಸದಲ್ಲಿದ್ದೇವೆ. ಅಪ್ಪ ಹಾಸನ ಜಿಲ್ಲೆಯಲ್ಲಿ ಸರ್ಕಾರಿ ಶಾಲೆ ಮೇಷ್ಟ್ರಾಗಿದ್ದು ನಿವೃತ್ತರಾದವರು, ಅಮ್ಮ ಮನೆಯಲ್ಲೇ ಇದ್ದವರು. ಇಲ್ಲಿ ಕೊಡುವ ಅಂಕಿಗಳೆಲ್ಲ 2025ರವು, ಪ್ರತಿ ವರ್ಷ ಬದಲಾಗುತ್ತವೆ.

ಮೊದಲು ದುಡ್ಡಿನ ವಿಷಯ. ಮೆಡಿಕೇರ್ ಅಂದರೆ ವಯಸ್ಸಾದವರಿಗೆ ಇಲ್ಲಿನ ಕೇಂದ್ರ ಸರ್ಕಾರದ ಆರೋಗ್ಯ ವಿಮೆ. 65 ದಾಟಿದವರು, ಗ್ರೀನ್ ಕಾರ್ಡ್ ಬಂದು ಇಲ್ಲಿ ಸತತವಾಗಿ 5 ವರ್ಷ ಇದ್ದವರು ಮೆಡಿಕೇರ್ ಸೇರಬಹುದು. ಪಾರ್ಟ್ ಎ ಅಂದರೆ ಆಸ್ಪತ್ರೆಗೆ ಸೇರಿದಾಗಿನ ಖರ್ಚು, ಪಾರ್ಟ್ ಬಿ ಅಂದರೆ ಡಾಕ್ಟರು, ಪರೀಕ್ಷೆ ಇತ್ಯಾದಿ. ಇಲ್ಲಿ 10 ವರ್ಷ ದುಡಿದವರಿಗೆ ಪಾರ್ಟ್ ಎ ಪುಕ್ಕಟೆ. ಊರಿಂದ ವಯಸ್ಸಾದ ಮೇಲೆ ಬಂದವರಿಗೆ ಆ 10 ವರ್ಷ ಎಲ್ಲಿಂದ ಬರಬೇಕು? ಅವರು ಪಾರ್ಟ್ ಎಗೆ ತಿಂಗಳಿಗೆ 518 ಡಾಲರ್, ಪಾರ್ಟ್ ಬಿಗೆ 185 ಡಾಲರ್ ಕಟ್ಟಬೇಕು. ಒಬ್ಬರಿಗೆ 703, ಇಬ್ಬರಿಗೆ 1,406. ಇಷ್ಟು ಕಟ್ಟಿದ ಮೇಲೂ ಆಸ್ಪತ್ರೆಗೆ ಸೇರಿದರೆ ಮೊದಲ 1,676 ಡಾಲರ್ ನಾವೇ ಕೊಡಬೇಕು, ಡಾಕ್ಟರ ಬಿಲ್ಲಿನಲ್ಲಿ 20 ಪರ್ಸೆಂಟ್ ನಮ್ಮದು. ಹಾಗಾಗಿ ಎಷ್ಟೋ ಮನೆಗಳಲ್ಲಿ ಪಾರ್ಟ್ ಬಿ ಮಾತ್ರ ತಗೊಂಡು, ಆಸ್ಪತ್ರೆ ಸೇರುವ ಹಾಗಾಗದಿರಲಿ ಅಂತ ದೇವರ ಮೇಲೆ ಭಾರ ಹಾಕಿ ಕೂತಿರುತ್ತಾರೆ. ಅಪ್ಪ ಅಮ್ಮ ಗ್ರೀನ್ ಕಾರ್ಡ್‌ನಲ್ಲಿದ್ದಾಗ ನಮ್ಮ ಮನೆಯಲ್ಲೂ ಹೀಗೇ ಇತ್ತು.

ಇದಕ್ಕೆ ಇರುವ ನೆರವಿನ ಹೆಸರು ಮೆಡಿಕೇರ್ ಸೇವಿಂಗ್ಸ್ ಪ್ರೋಗ್ರಾಂ. ಕಾನೂನು ಕೇಂದ್ರದ್ದು, ಅರ್ಜಿ ನೋಡುವುದು ಆಯಾ ರಾಜ್ಯ. ವಯಸ್ಸಾದವರಿಗೆ ಮುಖ್ಯವಾಗಿ ಇದರಲ್ಲಿ ಮೂರು ಹಂತ. ಮೊದಲನೆಯದು ಕ್ಯೂಎಂಬಿ. ಗಂಡ ಹೆಂಡತಿ ಇಬ್ಬರಿದ್ದರೆ ತಿಂಗಳ ಆದಾಯ 1,783 ಡಾಲರ್ ಒಳಗಿರಬೇಕು, ಒಬ್ಬರೇ ಇದ್ದರೆ 1,325. ಇದು ಪಾರ್ಟ್ ಎ, ಪಾರ್ಟ್ ಬಿ ಎರಡರ ಪ್ರೀಮಿಯಂ ಕಟ್ಟುತ್ತದೆ, ಆ 1,676 ಮತ್ತು 20 ಪರ್ಸೆಂಟ್ ಭಾರವನ್ನೂ ತೆಗೆಯುತ್ತದೆ. ಅದರ ಮೇಲಿನದು ಎಸ್‌ಎಲ್‌ಎಂಬಿ, ಇಬ್ಬರಿಗೆ 2,135ರವರೆಗೆ. ಆಮೇಲೆ ಕ್ಯೂಐ, 2,400ರವರೆಗೆ. ಈ ಎರಡೂ ಪಾರ್ಟ್ ಬಿ ಪ್ರೀಮಿಯಂ ಮಾತ್ರ ಕಟ್ಟುತ್ತವೆ.

ನಮ್ಮಂಥ ಅಪ್ಪ ಅಮ್ಮಂದಿರಿಗೆ ಮುಖ್ಯವಾದ ಗೆರೆ ಯಾವುದು ಅನ್ನುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಮೂರು ಹಂತಕ್ಕೂ ಪಾರ್ಟ್ ಎ ಇರಲೇಬೇಕು. ಇಲ್ಲಿ ದುಡಿದವರಿಗೆ ಅದು ಹೇಗೂ ಇರುತ್ತದೆ, ಅವರು ಕ್ಯೂಎಂಬಿ ತಪ್ಪಿದರೆ ಎಸ್‌ಎಲ್‌ಎಂಬಿಗೆ ಹೋಗುತ್ತಾರೆ, ದೊಡ್ಡ ನಷ್ಟ ಇಲ್ಲ. ಊರಿಂದ ಬಂದ ನಮ್ಮ ಅಪ್ಪ ಅಮ್ಮಂದಿರಿಗೆ ಪಾರ್ಟ್ ಎ ಕೊಡಿಸುವುದೇ ಕ್ಯೂಎಂಬಿ. ಅದು ತಪ್ಪಿದರೆ ಪಾರ್ಟ್ ಎಗೆ ಇಬ್ಬರದೂ ಸೇರಿ ತಿಂಗಳಿಗೆ 1,036 ಡಾಲರ್ ಕೈಯಿಂದ ಕಟ್ಟಿದರೆ ಮಾತ್ರ ಮುಂದಿನ ಹಂತ. ಅಂದರೆ 1,783 ದಾಟಿದ ಕೂಡಲೇ ದೊಡ್ಡ ಹೊಡೆತ. ಹಾಗಾಗಿ ಲೆಕ್ಕವನ್ನೆಲ್ಲ ಈ ಒಂದು ಗೆರೆ ಹಿಡಿದೇ ಮಾಡಿ.

ಇನ್ನು ಯಾರ ಆದಾಯ? ಮಕ್ಕಳದ್ದಲ್ಲ. ಅಪ್ಪ ಅಮ್ಮ ನಮ್ಮ ಮನೆಯಲ್ಲೇ ಇದ್ದರೂ, ನಮ್ಮ ಟ್ಯಾಕ್ಸ್ ರಿಟರ್ನ್‌ನಲ್ಲಿ ಅವಲಂಬಿತರು ಅಂತ ತೋರಿಸಿದ್ದರೂ, ನೋಡುವುದು ಅವರಿಬ್ಬರ ಆದಾಯ ಮಾತ್ರ. ಜನ ಗೊಂದಲ ಮಾಡಿಕೊಳ್ಳುವುದು ಯಾಕೆ ಅಂದರೆ, ಮೆಡಿಕೇರ್‌ಗೆ ಮುಂಚೆ ಬಹಳಷ್ಟು ಮನೆಗಳಲ್ಲಿ ಮಾರ್ಕೆಟ್‌ಪ್ಲೇಸ್ ವಿಮೆ, ಅಂದರೆ ಸರ್ಕಾರದ ವೆಬ್‌ಸೈಟ್ ಮೂಲಕ ಕೊಳ್ಳುವ ಖಾಸಗಿ ವಿಮೆ, ಇರುತ್ತದೆ. ಅಲ್ಲಿ ಅವಲಂಬಿತರು ಅಂತ ತೋರಿಸಿದರೆ ನಮ್ಮ ಸಂಬಳವೂ ಲೆಕ್ಕಕ್ಕೆ ಬಂದು ಸಬ್ಸಿಡಿ ಕೈ ತಪ್ಪುತ್ತದೆ. ಅದೇ ಇಲ್ಲೂ ಅಂದುಕೊಂಡುಬಿಡುತ್ತಾರೆ. ಎರಡರ ನಿಯಮ ಬೇರೆ ಬೇರೆ.

ಆದರೆ ಒಂದು ಕಡೆ ಮಾತ್ರ ನಮ್ಮ ಸಂಬಳ ಅಡ್ಡ ಬರಬಹುದು. ಅಪ್ಪ ಅಮ್ಮನ ಗ್ರೀನ್ ಕಾರ್ಡ್‌ಗೆ ನಾವು ಅಫಿಡವಿಟ್ ಆಫ್ ಸಪೋರ್ಟ್‌ಗೆ, ಅಂದರೆ ಇವರ ಖರ್ಚಿನ ಹೊಣೆ ನಮ್ಮದು ಅನ್ನುವ ಪತ್ರಕ್ಕೆ, ಸಹಿ ಹಾಕಿರುತ್ತೇವಲ್ಲ, ಅವರು ಗ್ರೀನ್ ಕಾರ್ಡ್‌ನಲ್ಲಿ ಇರುವವರೆಗೆ ಸಹಿ ಹಾಕಿದವರ ಆದಾಯವನ್ನು ಅವರದೇ ಅಂತ ಎಣಿಸುವ ನಿಯಮ ಇದೆ. ಅವರು ಸಿಟಿಜನ್ ಆದ ದಿನ ಆ ಹೊಣೆ ಮುಗಿಯುತ್ತದೆ. ಅದಕ್ಕೇ ನಾವು ಸಿಟಿಜನ್‌ಶಿಪ್ ಮುಗಿಯುವವರೆಗೆ ಅರ್ಜಿ ಹಾಕಲಿಲ್ಲ. ಅಪ್ಪನಿಗೆ ಇಂಗ್ಲಿಷ್ ತಕ್ಕಮಟ್ಟಿಗೆ ಬರುತ್ತಿತ್ತು, ಅಮ್ಮ ರಾತ್ರಿ ಊಟ ಆದ ಮೇಲೆ ಮೊಮ್ಮಗಳ ಹತ್ತಿರ ಕೂತು ಸಿಟಿಜನ್‌ಶಿಪ್ ಪರೀಕ್ಷೆಯ ಪ್ರಶ್ನೆ ಉತ್ತರ ಬಾಯಿಪಾಠ ಮಾಡಿದರು, ಇಬ್ಬರೂ ಪಾಸಾದರು.

ಅಪ್ಪನ ಪೆನ್ಷನ್ ಆದಾಯವೇ, ಅದರಲ್ಲಿ ಅನುಮಾನ ಬೇಡ. ಅದು ಹಾಸನದ ಬ್ಯಾಂಕಿಗೇ ಬರಲಿ, ಇಲ್ಲಿಗೆ ಒಂದು ರೂಪಾಯಿ ತರಿಸದೇ ಇರಲಿ, ತೋರಿಸಬೇಕು. ತಿಂಗಳಿಗೆ 48,000 ರೂಪಾಯಿ ಆಸುಪಾಸು, ಅಂದರೆ 560 ಡಾಲರ್ ಹತ್ತಿರ. ಊರಿನಲ್ಲಿ ಇದು ಒಳ್ಳೆ ಪೆನ್ಷನ್. ಡಾಲರಿಗೆ ತಿರುಗಿಸಿದರೆ 1,783ರ ಮೂರನೇ ಒಂದು ಭಾಗವೂ ಇಲ್ಲ! ಕರ್ನಾಟಕದಲ್ಲಿ 7ನೇ ವೇತನ ಆಯೋಗದ ಪರಿಷ್ಕರಣೆ 2024ರ ಆಗಸ್ಟ್‌ನಿಂದ ಜಾರಿಗೆ ಬಂದು ಪೆನ್ಷನ್ ಏರಿತ್ತು, ಹಾಗಾಗಿ ಹಳೆಯ ಪಿಪಿಒ (ಪೆನ್ಷನ್ ಪಾವತಿ ಆದೇಶ) ಪುಸ್ತಕದ ಅಂಕಿಗೂ ಬ್ಯಾಂಕಿಗೆ ಬೀಳುವ ದುಡ್ಡಿಗೂ ತಾಳೆ ಆಗುತ್ತಿರಲಿಲ್ಲ. ಅರ್ಜಿ ಪರಿಶೀಲಿಸುವ ಕೇಸ್ ವರ್ಕರ್ ಇದನ್ನೇ ಹಿಡಿದು ಕೇಳಿದರು. ಪಿಪಿಒ ಪ್ರತಿ, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಜೊತೆಗೆ ಮೂಲ ಪೆನ್ಷನ್ ಎಷ್ಟು, ತುಟ್ಟಿಭತ್ಯೆ ಎಷ್ಟು, ತುಟ್ಟಿಭತ್ಯೆ ವರ್ಷಕ್ಕೆರಡು ಸಲ ಪರಿಷ್ಕರಣೆ ಆಗುತ್ತದೆ ಅಂತ ಅರ್ಧ ಪುಟದಲ್ಲಿ ಬರೆದು ಕೊಟ್ಟೆ. ಟೆಕ್ಸಾಸ್‌ನ ಕೇಸ್ ವರ್ಕರ್‌ಗೆ ತುಟ್ಟಿಭತ್ಯೆ ಅಂದರೆ ಏನು ಅಂತ ಗೊತ್ತಿರಬೇಕಾಗಿಲ್ಲ ಅಲ್ವಾ, ತಾಳ್ಮೆಯಿಂದ ವಿವರಿಸಿದರೆ ಅವರೂ ಕೇಳುತ್ತಾರೆ. ಯಾವ ದಿನದ ಡಾಲರ್ ದರ ಹಿಡಿದೆ ಅನ್ನುವುದನ್ನೂ ಅಲ್ಲೇ ಬರೆದಿದ್ದೆ.

ಆದಾಯಕ್ಕಿಂತ ಜಾಸ್ತಿ ಯೋಚನೆ ಹಿಡಿಸಿದ್ದು ಆಸ್ತಿ. ಆದಾಯ ಮಿತಿಯ ಜೊತೆ ಆಸ್ತಿಗೂ ಮಿತಿ ಇದೆ, ಇಬ್ಬರಿಗೆ 14,470 ಡಾಲರ್, ಒಬ್ಬರಿಗೆ 9,660. ವಾಸದ ಮನೆ, ಒಂದು ಕಾರು, ಮನೆಯ ಸಾಮಾನು ಲೆಕ್ಕಕ್ಕಿಲ್ಲ. ಅಮ್ಮ ಹಾಕಿಕೊಳ್ಳುವ ಸರ, ಬಳೆ ಕೂಡ ಲೆಕ್ಕಕ್ಕಿಲ್ಲ, ಹೂಡಿಕೆಗೆ ಅಂತ ಕೊಂಡಿಟ್ಟ ಚಿನ್ನ ಬೇರೆ ಮಾತು. ಬ್ಯಾಂಕಿನಲ್ಲಿರುವುದು ಯಾವ ದೇಶದ್ದಾದರೂ ಲೆಕ್ಕಕ್ಕಿದೆ. ಅಪ್ಪನಿಗೆ ಊರಲ್ಲಿ 8 ಲಕ್ಷದ ಎಫ್‌ಡಿ, ಇಲ್ಲಿನ ಖಾತೆಯಲ್ಲಿ ಸ್ವಲ್ಪ ಹಣ. ಎಲ್ಲ ಸೇರಿಸಿದರೂ 12,000 ಡಾಲರ್ ಒಳಗೇ. ಎಫ್‌ಡಿ ಬಡ್ಡಿಯನ್ನೂ ತೋರಿಸಿದೆವು.

ಮನೆ ಒಂದು ಇತ್ತು. ಅಜ್ಜ ಕಟ್ಟಿಸಿದ ಹಳ್ಳಿ ಮನೆ, ಪಾಲಾಗಿಲ್ಲ, ಅಪ್ಪ ಚಿಕ್ಕಪ್ಪ ಇಬ್ಬರ ಹೆಸರಿನಲ್ಲೂ ಜಂಟಿಯಾಗಿದೆ, ಚಿಕ್ಕಪ್ಪನ ಸಂಸಾರ ಅಲ್ಲೇ ಇದೆ. ತಾವು ವಾಸವಿಲ್ಲದ ಮನೆ ಆಸ್ತಿಯೇ. ಅದರ ಅರ್ಧ ಬೆಲೆ ಸೇರಿಸಿದರೆ ಮಿತಿ ದಾಟಿಬಿಡುತ್ತಿತ್ತು. ಇಲ್ಲಿ ಕೆಲವರು ನನಗೆ ಹೇಳಿದ್ದು, "ಹಳ್ಳಿ ಮನೆ ಇವರಿಗೆ ಎಲ್ಲಿ ಗೊತ್ತಾಗುತ್ತೆ, ಬರೀಬೇಡ." ಇದನ್ನು ನಾನು ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ. ಅರ್ಜಿಯ ಕೆಳಗೆ ಸಹಿ ಹಾಕುವುದು ಅಪ್ಪ. ಜೀವನಪೂರ್ತಿ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಪಾಠ ಮಾಡಿದವರ ಕೈಯಲ್ಲಿ ಸುಳ್ಳು ಹೇಳಿಕೆಗೆ ಸಹಿ ಹಾಕಿಸುವುದು ಯಾವ ನ್ಯಾಯ? ಅದೂ ಅಲ್ಲದೆ ಹೊರದೇಶದ ಖಾತೆಗಳಲ್ಲಿ ಒಟ್ಟು 10,000 ಡಾಲರ್ ದಾಟಿದರೆ ಇಲ್ಲಿನ ಖಜಾನೆ ಇಲಾಖೆಗೆ ಪ್ರತಿ ವರ್ಷ ತಿಳಿಸಲೇಬೇಕು, ಎಲ್ಲವೂ ಒಂದಲ್ಲ ಒಂದು ಕಡೆ ದಾಖಲಾಗುತ್ತದೆ.

ಮುಚ್ಚಿಡುವ ಅಗತ್ಯವೂ ಇರಲಿಲ್ಲ. ಜಂಟಿ ಹೆಸರಿನ ಮನೆಯನ್ನು ಮಾರಿದರೆ ಅದರಲ್ಲಿ ವಾಸವಿರುವ ಇನ್ನೊಬ್ಬ ಮಾಲೀಕರಿಗೆ ಇರಲು ಜಾಗ ಇಲ್ಲದಂತಾಗುತ್ತದೆ ಅಂದರೆ ಆ ಮನೆಯನ್ನು ಲೆಕ್ಕದಿಂದ ಬಿಡುವ ನಿಯಮ ಇದೆ. ಇದು ನನಗೆ ತಿಳಿದದ್ದು ಎಚ್‌ಐಸಿಎಪಿ ಸಲಹೆಗಾರರಿಂದ. ಮೆಡಿಕೇರ್ ವಿಷಯದಲ್ಲಿ ವಯಸ್ಸಾದವರಿಗೆ ಪುಕ್ಕಟೆ ಸಲಹೆ ಕೊಡುವ ವ್ಯವಸ್ಥೆ ಎಲ್ಲ ರಾಜ್ಯದಲ್ಲೂ ಇದೆ, ಟೆಕ್ಸಾಸ್‌ನಲ್ಲಿ ಅದಕ್ಕೆ ಈ ಹೆಸರು. ಅವರು ಯಾವ ವಿಮೆಯನ್ನೂ ಮಾರುವವರಲ್ಲ, ದಯವಿಟ್ಟು ಅವರ ಹತ್ತಿರ ಮೊದಲು ಮಾತಾಡಿ. ಚಿಕ್ಕಪ್ಪನಿಗೆ ಫೋನ್ ಮಾಡಿ ಪಂಚಾಯಿತಿಯ ಇ-ಸ್ವತ್ತು ಪ್ರತಿ ತರಿಸಿದೆ. ತಾನು ಸಂಸಾರ ಸಮೇತ ಅಲ್ಲೇ ಇದ್ದೇನೆ, ಬೇರೆ ಮನೆ ಇಲ್ಲ, ಮಾರಲು ಒಪ್ಪಿಗೆ ಇಲ್ಲ ಅಂತ ಅವರೇ ಕನ್ನಡದಲ್ಲಿ ಕಾಗದ ಬರೆದು ಸಹಿ ಮಾಡಿ ಕಳಿಸಿದರು. ಎರಡನ್ನೂ ನಮ್ಮ ಕುಟುಂಬದವರಲ್ಲದ ಸ್ನೇಹಿತೆಯೊಬ್ಬರು ಇಂಗ್ಲಿಷಿಗೆ ಮಾಡಿ, ಎರಡೂ ಭಾಷೆ ಚೆನ್ನಾಗಿ ಬರುತ್ತದೆ, ಅನುವಾದ ಸರಿಯಿದೆ ಅಂತ ಕೆಳಗೆ ಬರೆದು ಸಹಿ ಹಾಕಿದರು. ಮನೆಯನ್ನು ಲೆಕ್ಕದಿಂದ ಬಿಟ್ಟರು.

ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಸ್ವಂತ ಹೆಸರಿನಲ್ಲಿ ಸೈಟು ಇದ್ದರೆ ಈ ದಾರಿ ಇಲ್ಲ. ಯಾರ ಹೆಸರಿಗಾದರೂ ಬರೆದುಕೊಟ್ಟು ಅರ್ಜಿ ಹಾಕಿ ಅನ್ನುವವರಿದ್ದಾರೆ. ಮುಂದೆ ನರ್ಸಿಂಗ್ ಹೋಮ್ ಖರ್ಚಿಗೆ ಮೆಡಿಕೇಡ್ (ಆದಾಯ ಕಡಿಮೆ ಇರುವವರಿಗೆ ಸರ್ಕಾರದ ಆರೋಗ್ಯ ನೆರವು) ಕೇಳಬೇಕಾದರೆ ಹಿಂದಿನ 5 ವರ್ಷದಲ್ಲಿ ಯಾರಿಗೆ ಏನು ದಾನ ಕೊಟ್ಟಿರಿ ಅಂತ ನೋಡುತ್ತಾರೆ, ಅದಕ್ಕೆ ವಕೀಲರನ್ನು ಕೇಳದೆ ಕೈ ಹಾಕಬೇಡಿ. ಪ್ರೀಮಿಯಂ ಉಳಿಸಲು ವಯಸ್ಸಾದವರ ಕೈಯಿಂದ ಅವರ ಹೆಸರಿನ ಆಸ್ತಿ ಬಿಡಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಅರ್ಜಿ ಹಾಕುವುದು ಕಷ್ಟ ಇಲ್ಲ. ಟೆಕ್ಸಾಸ್‌ನಲ್ಲಿ ಯುವರ್ ಟೆಕ್ಸಾಸ್ ಬೆನಿಫಿಟ್ಸ್ ಮೂಲಕ ಆನ್‌ಲೈನ್‌ನಲ್ಲಿ ಹಾಕಬಹುದು, ಇಲ್ಲವೇ 211ಕ್ಕೆ ಫೋನ್ ಮಾಡಿ ಎಚ್1200 ಫಾರ್ಮ್ ತರಿಸಿಕೊಳ್ಳಬಹುದು. ನಮ್ಮ ಜೊತೆ ಇರುವುದರಿಂದ ಬಾಡಿಗೆ, ಊಟದ ಖರ್ಚು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳುತ್ತಾರೆ, ಇದ್ದದ್ದನ್ನು ಇದ್ದ ಹಾಗೆ ಬರೆದೆ. ಪಾರ್ಟ್ ಬಿ ಮೊದಲೇ ಇದ್ದದ್ದರಿಂದ ಕ್ಯೂಎಂಬಿ ಒಪ್ಪಿಗೆ ಆದ ಮುಂದಿನ ತಿಂಗಳಿನಿಂದ ರಾಜ್ಯವೇ ಪಾರ್ಟ್ ಎಗೂ ಸೇರಿಸಿತು. ಈ ಪಾರ್ಟ್ ಎ ಸೇರಿಸುವ ಕ್ರಮ ಎಲ್ಲ ರಾಜ್ಯದಲ್ಲೂ ಒಂದೇ ಅಲ್ಲ. ಕೆಲವು ಕಡೆ ಮೊದಲು ಸೋಶಿಯಲ್ ಸೆಕ್ಯುರಿಟಿ ಆಫೀಸಿಗೆ ಹೋಗಿ, ಕ್ಯೂಎಂಬಿ ಸಿಕ್ಕರೆ ಮಾತ್ರ ಪಾರ್ಟ್ ಎ ಬೇಕು ಅಂತ ಷರತ್ತಿನ ಅರ್ಜಿ ಕೊಡಬೇಕು, ಅದೂ ಜನವರಿಯಿಂದ ಮಾರ್ಚ್ ಒಳಗೆ. ನಿಮ್ಮ ರಾಜ್ಯದ ಕ್ರಮ ಮೊದಲೇ ಕೇಳಿಕೊಳ್ಳಿ. ಮಿತಿಯೂ ಎಲ್ಲ ಕಡೆ ಒಂದೇ ಅಲ್ಲ. ನ್ಯೂಯಾರ್ಕ್, ಕನೆಕ್ಟಿಕಟ್‌ನಲ್ಲಿ ಆದಾಯ ಮಿತಿ ಜಾಸ್ತಿ, ಆಸ್ತಿ ನೋಡುವುದೇ ಇಲ್ಲ.

ಅಪ್ಪ ಒಪ್ಪಿದ್ದು ಸುಲಭಕ್ಕಲ್ಲ. "ಪುಟ್ಟಿ, ನಾನು ಈ ದೇಶದಲ್ಲಿ ಒಂದು ದಿನ ದುಡಿದಿಲ್ಲ. ಇವರ ದುಡ್ಡು ನನಗ್ಯಾಕೆ?" ಅಂದರು. ನನ್ನ, ನಮ್ಮವರ ಇಬ್ಬರ ಸಂಬಳದ ಚೀಟಿ ತೋರಿಸಿದೆ. ಪ್ರತಿ ಸಂಬಳದಲ್ಲಿ ಮೆಡಿಕೇರ್‌ಗೆ ಅಂತಲೇ 1.45 ಪರ್ಸೆಂಟ್ ಹೋಗುತ್ತದೆ, ಕಂಪನಿಯೂ ಅಷ್ಟೇ ಕಟ್ಟುತ್ತದೆ. "ಅಪ್ಪ, ಜಮೀನು ಮಾರಿ ನನ್ನನ್ನು ಓದಿಸಿದ್ದು ನೀವು. ಆ ಓದಿನಿಂದ ಬಂದ ಸಂಬಳದಲ್ಲಿ ಹೋಗ್ತಿರೋ ದುಡ್ಡು ಇದು" ಅಂದೆ. ಅಮ್ಮನ ಭಯ ಬೇರೆ, ನಾಳೆ ಸರ್ಕಾರ ಮನೆ ಕಿತ್ತುಕೊಂಡರೆ ಅಂತ. ಕ್ಯೂಎಂಬಿ ಕಟ್ಟಿದ ಹಣವನ್ನು ಅವರು ತೀರಿಕೊಂಡ ಮೇಲೆ ಆಸ್ತಿಯಿಂದ ವಸೂಲಿ ಮಾಡುವಂತಿಲ್ಲ. 2010ರಿಂದ ಕಾನೂನು ಹಾಗಿದೆ.

ಒಪ್ಪಿಗೆ ಬಂದ ಮೇಲೂ ಒಂದು ಕಡೆಯಿಂದ ರಕ್ತ ಪರೀಕ್ಷೆಗೆ ಅಂತ ಬಾಕಿ ಬಿಲ್ಲು ಬಂತು. ಕ್ಯೂಎಂಬಿ ಇರುವವರಿಂದ ಮೆಡಿಕೇರ್ ಕೊಡುವ ಸೇವೆಗೆ 20 ಪರ್ಸೆಂಟ್ ಕೇಳುವುದು ಕಾನೂನಿಗೆ ವಿರುದ್ಧ. ಫೋನ್ ಮಾಡಿ ಹೇಳಿ, ಮೆಡಿಕೇರ್ ಕಾರ್ಡು, ಕ್ಯೂಎಂಬಿ ಕಾರ್ಡು ಎರಡರ ಪ್ರತಿ ಕಳಿಸಿದ ಮೇಲೆ ಬಿಲ್ಲು ತೆಗೆದರು. ಹೆದರಿ ಕಟ್ಟಿಬಿಡಬೇಡಿ. ಕೇಳದಿದ್ದರೆ 1-800-633-4227, ಮೆಡಿಕೇರ್‌ನ ನಂಬರ್, ಅಲ್ಲಿಗೆ ದೂರು ಕೊಡಬಹುದು.

ಔಷಧಿಗೆ ಬೇರೆ ಅರ್ಜಿ ಬೇಕಾಗಲಿಲ್ಲ. ಮೂರು ಹಂತದಲ್ಲಿ ಯಾವುದು ಸಿಕ್ಕರೂ ಎಕ್ಸ್‌ಟ್ರಾ ಹೆಲ್ಪ್ ಅನ್ನುವ ಔಷಧಿ ಖರ್ಚಿನ ನೆರವು ತಾನಾಗಿ ಬರುತ್ತದೆ. ಜೆನೆರಿಕ್ ಮಾತ್ರೆಗೆ ಹೆಚ್ಚೆಂದರೆ 4.90 ಡಾಲರ್, ಬ್ರ್ಯಾಂಡ್‌ನದ್ದಕ್ಕೆ 12.15. ಕ್ಯೂಎಂಬಿ ಸಿಗದವರೂ ಇದನ್ನು ಬಿಡಬೇಡಿ, ಇದರ ಮಿತಿ ದೊಡ್ಡದು: ಇಬ್ಬರಿಗೆ ವರ್ಷಕ್ಕೆ 31,725 ಡಾಲರ್ ಆದಾಯ, 35,130 ಡಾಲರ್ ಆಸ್ತಿ. ಅರ್ಜಿ ಸೋಶಿಯಲ್ ಸೆಕ್ಯುರಿಟಿಯಲ್ಲಿ.

ಪ್ರತಿ ವರ್ಷ ಮತ್ತೆ ಕಾಗದ ಕೇಳುತ್ತಾರೆ. ಅಪ್ಪ ಲೈಫ್ ಸರ್ಟಿಫಿಕೇಟ್ ಕೊಡುವ ಸಮಯದಲ್ಲೇ ನಾನು ಆ ವರ್ಷದ ಪೆನ್ಷನ್ ವಿವರ, ಎಫ್‌ಡಿ ಬಾಕಿ, ಚಿಕ್ಕಪ್ಪನ ಹೊಸ ಕಾಗದ ಮೂರನ್ನೂ ತರಿಸಿ ಒಂದೇ ಫೈಲಿಗೆ ಹಾಕಿಡುತ್ತೇನೆ. ವಿಳಾಸ ಬದಲಾದರೆ ಕೂಡಲೇ ತಿಳಿಸಿ. ನವೀಕರಣದ ಪತ್ರ ಹಳೆಯ ಮನೆಗೆ ಹೋಗಿ, ಉತ್ತರ ಕೊಡದೆ ನಿಂತುಹೋದದ್ದನ್ನು ನಮ್ಮ ಪರಿಚಯದವರ ಮನೆಯಲ್ಲೇ ನೋಡಿದ್ದೇನೆ.