ಕ್ವೀನ್ಸ್‌ನ ಕೋ-ಆಪ್ ಮನೆ: ನಾವು ಕೊಂಡಿದ್ದು ಏನು?

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ರೆಗೋ ಪಾರ್ಕ್ ಹತ್ತಿರ, ಕೆಂಪು ಇಟ್ಟಿಗೆಯ ಆರು ಮಹಡಿ ಕಟ್ಟಡದಲ್ಲಿ ನಮ್ಮ ಮನೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1950ರ ದಶಕದಲ್ಲಿ ಕಟ್ಟಿದ್ದು. ನೋಡೋಕೆ ಸಾದಾ. ಸೂರು ಎಂಟು ಅಡಿ ಎತ್ತರ ಅಷ್ಟೇ. ಆದರೆ ರೂಮುಗಳು ವಿಶಾಲ, ನೆಲಕ್ಕೆ ಮರದ ತುಂಡು ಜೋಡಿಸಿದ ಹಾಸು (ಪಾರ್ಕೆ), ಸಾಮಾನು ಇಡೋಕೆ ಬೇಕಾದಷ್ಟು ಕ್ಲೋಸೆಟ್.

ಮನೆ ಕೊಂಡೆವು ಅಂತ ಊರಿಗೆ ಫೋನ್ ಮಾಡಿದಾಗ ಅಪ್ಪ ಕೇಳಿದ್ದು, "ರಿಜಿಸ್ಟ್ರೇಷನ್ ಆಯ್ತಾ?" ನಮ್ಮದು ಕೋ-ಆಪ್, ಅಂದರೆ ಸಹಕಾರಿ ಪದ್ಧತಿಯ ಮನೆ. ಇದರಲ್ಲಿ ನಮ್ಮ ಹೆಸರಿಗೆ ಕ್ರಯಪತ್ರ ಇರುವುದಿಲ್ಲ. ಇಡೀ ಕಟ್ಟಡ ಒಂದು ಕಂಪನಿಯದು. ನಾವು ಕೊಳ್ಳುವುದು ಆ ಕಂಪನಿಯ ಷೇರು. ಅದರ ಜೊತೆ ನಮ್ಮ ಮನೆಯಲ್ಲಿ ವಾಸಿಸುವ ಹಕ್ಕಿಗೆ ಒಂದು ಲೀಸ್ ಸಿಗುತ್ತದೆ. ಮುಂಬೈ ಸೊಸೈಟಿಯಲ್ಲಿ ಬೆಳೆದವರಿಗೆ ಷೇರ್ ಸರ್ಟಿಫಿಕೇಟ್ ಹೊಸದಲ್ಲ. ನಮಗೆ ಹೊಸದು.

ಹಾಗಾಗಿ ಮನೆಗಿಂತ ಮೊದಲು ಕಟ್ಟಡದ ಲೆಕ್ಕ ನೋಡಬೇಕು. ಆಸ್ತಿ ತೆರಿಗೆ, ಕಟ್ಟಡದ ಮೇಲಿನ ಸಾಲ, ಬಾಯ್ಲರ್ ಖರ್ಚು, ಸಿಬ್ಬಂದಿ ಸಂಬಳ ಎಲ್ಲವೂ ಷೇರಿನ ಲೆಕ್ಕದಲ್ಲಿ ಹಂಚಿ ತಿಂಗಳ ಮೇಂಟೆನೆನ್ಸ್ ಆಗುತ್ತದೆ. ದುಡ್ಡು ಸಾಲದೇ ಬಂದರೆ ಮೇಲಿಂದ ಅಸೆಸ್‌ಮೆಂಟ್, ಅಂದರೆ ಎಲ್ಲರಿಂದ ಹೆಚ್ಚುವರಿ ವಸೂಲಿ. ನಾವು ಮೊದಲು ಮೆಚ್ಚಿದ ಮನೆಗೆ ಬೆಳಗಿನ ಬಿಸಿಲು ಚೆನ್ನಾಗಿ ಬರುತ್ತಿತ್ತು. ಆದರೆ ಬೋರ್ಡ್ (ಕಟ್ಟಡ ನಡೆಸಲು ಷೇರುದಾರರು ಆರಿಸಿದ ಸಮಿತಿ) ಸಭೆಗಳ ಮಿನಿಟ್ಸ್ ಓದಿದರೆ ಪದೇ ಪದೇ ತಾರಸಿ ಸೋರುವ ಮಾತು, ಮೀಸಲು ನಿಧಿ ಹೆಚ್ಚುಕಡಿಮೆ ಖಾಲಿ. ಬಿಟ್ಟೆವು. ಈಗಿನ ಮನೆಗೆ ಬ್ಯಾಂಕ್ ಲೆಕ್ಕ, ತೆರಿಗೆ ಪತ್ರ, ಪರಿಚಯದವರ ಪತ್ರ ಎಲ್ಲಾ ಕೊಟ್ಟು ಬೋರ್ಡ್ ಮುಂದೆ ಇಂಟರ್‌ವ್ಯೂಗೆ ಕೂತೆವು. ಕಾರಣ ಹೇಳದೆ ಬೇಡ ಅನ್ನುವ ಅಧಿಕಾರ ಅವರಿಗಿದೆ. ಫೋನ್ ಬರುವ ತನಕ ನನಗೆ ನಿದ್ದೆ ಇರಲಿಲ್ಲ.

ಮನೆಗೆ ಬಂದ ಮೊದಲ ತಿಂಗಳು, ಶನಿವಾರ ಬೆಳಗ್ಗೆ ಇಡ್ಲಿಗೆ ರುಬ್ಬುತ್ತಿದ್ದೆ. ಕೆಳಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದರು. ಗ್ರೈಂಡರ್ ಓಡಲಿ ಅಂತ ಬಿಟ್ಟು ಅವರ ಜೊತೆ ಕೆಳಗೆ ಹೋದೆ. ಅವರ ಅಡುಗೆಮನೆ ಕಪಾಟಿನಲ್ಲಿ ಪಿಂಗಾಣಿ ಕಪ್ಪುಗಳು ಒಂದಕ್ಕೊಂದು ತಾಗಿ ಟಿಣ್ ಟಿಣ್ ಅನ್ನುತ್ತಿದ್ದವು. ನಾನು ಗ್ರೈಂಡರನ್ನು ನೆಲದ ಮೇಲೆ ಇಟ್ಟಿದ್ದೆ, ಮರದ ಹಾಸಿನ ಅಡಿಯ ಕಾಂಕ್ರೀಟಿನಲ್ಲಿ ಅದುರಾಟ ನೇರ ಇಳಿಯುತ್ತಿತ್ತು. ಅವತ್ತೇ ದಪ್ಪ ರಬ್ಬರ್ ಮ್ಯಾಟ್ ತಂದೆ. ಈಗ ರುಬ್ಬುವುದು ಬೆಳಗ್ಗೆ ಹತ್ತು ಗಂಟೆ ಮೇಲೆ. ನೆಲದ ಶೇಕಡಾ 80 ಭಾಗಕ್ಕೆ ಕಾರ್ಪೆಟ್ ಹಾಸಬೇಕು ಅನ್ನುವ ಕಟ್ಟಡದ ನಿಯಮ ಯಾಕಿದೆ ಅಂತಲೂ ಅವತ್ತೇ ಗೊತ್ತಾಯಿತು.

ಅಡುಗೆಮನೆಯನ್ನು ಊಟದ ಮೂಲೆಗೆ ವಿಸ್ತರಿಸುವ ಆಸೆ ಇತ್ತು. ಆಗಲಿಲ್ಲ. ಕೆಳಗಿನವರ ಒಣ ರೂಮಿನ, ಅಂದರೆ ನಲ್ಲಿ-ಸಿಂಕು ಇಲ್ಲದ ರೂಮಿನ ಮೇಲೆ ನಮ್ಮ ಸಿಂಕು ಬರಬಾರದು. ನಮ್ಮ ಮೇಲಿನವರಿಗೂ ಅದೇ ನಿಯಮ ಅಲ್ವಾ, ನಮ್ಮ ಸೂರೂ ಒಣಗಿರುತ್ತದೆ.

ಅಕ್ಟೋಬರ್ 1ರಿಂದ ಮೇ 31ರವರೆಗೆ ಹೀಟಿಂಗ್ ಕೊಡಬೇಕು ಅಂತ ನಗರದ ಕಾನೂನೇ ಇದೆ, ಅದು ಮೇಂಟೆನೆನ್ಸ್‌ನಲ್ಲೇ ಬರುತ್ತದೆ. ಒಮ್ಮೊಮ್ಮೆ ಶಾಖ ಎಷ್ಟು ಜಾಸ್ತಿ ಅಂದರೆ ಜನವರಿಯಲ್ಲೂ ಕಿಟಕಿ ತೆಗೆಯುತ್ತೇವೆ.

ಹೋದ ವರ್ಷ ನಲ್ಲಿಯಲ್ಲಿ ನೀರು ಸಣ್ಣಗಾಯಿತು. ಕಟ್ಟಡ ನೋಡಿಕೊಳ್ಳುವ ಸೂಪರ್ ಬಂದು ಸಿಂಕಿನ ಹಿಂದಿನ ಗೋಡೆ ಒಡೆಸಿದರು. ಕತ್ತರಿಸಿದ ಪೈಪಿನ ತುಂಡಿಗೆ ಟಾರ್ಚ್ ಬಿಟ್ಟು ತೋರಿಸಿದರು. ಒಳಗೆಲ್ಲಾ ತುಕ್ಕು ಕಟ್ಟಿ, ನನ್ನ ಕಿರುಬೆರಳು ಹೋಗುವಷ್ಟು ಮಾತ್ರ ಜಾಗ ಉಳಿದಿತ್ತು. ಅದೇ ಪೈಪು ಅಜ್ಜಿಯ ಅಡುಗೆಮನೆಯಿಂದ ಹತ್ತಿ ನಮ್ಮ ಮನೆ ದಾಟಿ ಆರನೇ ಮಹಡಿವರೆಗೆ ಹೋಗುತ್ತದೆ. ಅಷ್ಟುದ್ದಕ್ಕೂ ಹೊಸದು ಹಾಕಿದರು. ಖರ್ಚು ಮೀಸಲು ನಿಧಿಯಿಂದ ಹೋಯಿತು, ಅಸೆಸ್‌ಮೆಂಟ್ ಬರಲಿಲ್ಲ.